ರಿಪೋರ್ಟ್ ನಾರ್ಮಲ್ ಅಂದ್ರೆ ಏನೂ ಇಲ್ಲ ಅಂತ ಅರ್ಥವಾ?

ನಮ್ಮ ಚಿಕ್ಕಮ್ಮನಿಗೆ ಈಗ 58. ಅರಸೀಕೆರೆ ಕಡೆಯ ಊರು, ತೆಂಗಿನ ತೋಟ. ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ದಿನಾ ರಾತ್ರಿ 9ಕ್ಕೆ ಅವನು ಫೋನ್ ಮಾಡುತ್ತಾನೆ. 9:10 ಆದರೂ ಫೋನ್ ಬರಲಿಲ್ಲ ಅಂದರೆ ಚಿಕ್ಕಮ್ಮ ಒಲೆ ಸಣ್ಣ ಮಾಡಿ ಹಾಲ್‌ಗೆ ಬರುತ್ತಾರೆ. 9:20ಕ್ಕೆ ಗೇಟಿನ ತನಕ ಹೋಗಿ ಬರುತ್ತಾರೆ. ಅಷ್ಟರಲ್ಲಿ ಬೈಕ್ ಜಾರಿದೆ, ಆಸ್ಪತ್ರೆಗೆ ಸೇರಿಸಿದ್ದಾರೆ, ಅಲ್ಲಿ ಯಾರಿಗೂ ನಮ್ಮ ನಂಬರ್ ಗೊತ್ತಿಲ್ಲ, ಇಷ್ಟೂ ಅವರ ತಲೆಯಲ್ಲಿ ನಡೆದುಹೋಗಿರುತ್ತದೆ. ಫೋನ್ ಬರುತ್ತದೆ. "ಚಾರ್ಜ್ ಇರ್ಲಿಲ್ಲಮ್ಮ." ಒಂದೈದು ನಿಮಿಷ ನಿರಾಳ. ಆಮೇಲೆ ಮರಕ್ಕೆ ಬಂದ ರೋಗ ನೆನಪಾಗುತ್ತದೆ, ತಂಗಿ ಮಗಳ ಹೆರಿಗೆ ನೆನಪಾಗುತ್ತದೆ, ಗ್ಯಾಸ್ ಆಫ್ ಮಾಡಿದೆನಾ ಅನ್ನುವುದು ನೆನಪಾಗುತ್ತದೆ.

ಕಳೆದ ವರ್ಷ ತಲೆ ಭಾರ, ಕುತ್ತಿಗೆ ಬಿಗಿತ, ನಿದ್ದೆ ಇಲ್ಲ ಅಂತ ಶುರುವಾಯಿತು. ತಲೆಯಲ್ಲಿ ಏನೋ ಆಗಿದೆ ಅಂತ ಹಟ ಹಿಡಿದು ಎಂಆರ್‌ಐ ಮಾಡಿಸಿಕೊಂಡರು. ರಿಪೋರ್ಟ್ ನಾರ್ಮಲ್ ಬಂತು. ಚಿಕ್ಕಪ್ಪ ಆ ದೊಡ್ಡ ಬಿಳಿ ಕವರನ್ನು ಟೇಬಲ್ ಮೇಲಿಟ್ಟು ಹೇಳಿದರು, "ನೋಡು, ಏನೂ ಇಲ್ಲ ಅಂತ ಬರ್ದಿದಾರೆ. ಸುಮ್ನೆ ಯೋಚ್ನೆ ಮಾಡಿ ಮಾಡಿ ತಲೆ ಕೆಡಿಸ್ಕೊಂಡಿದೀಯ." ಚಿಕ್ಕಪ್ಪ ಕೆಟ್ಟವರಲ್ಲ, ಸಮಾಧಾನ ಮಾಡಲೆಂದೇ ಅಂದದ್ದು. ಆದರೆ ಚಿಕ್ಕಮ್ಮನ ಮುಖ ಸಣ್ಣದಾಯಿತು. ಸಂಜೆ ನನ್ನ ಹತ್ತಿರ ಮೆಲ್ಲಗೆ ಕೇಳಿದರು: "ಹಂಗಾದ್ರೆ ನಾನು ನಾಟಕ ಮಾಡ್ತಿದೀನೇನೋ?"

ಅವತ್ತು ನನಗೆ ಉತ್ತರ ಹೊಳೆಯಲಿಲ್ಲ. ಆಮೇಲೆ ಹುಡುಕಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಚಿಕ್ಕಮ್ಮನಿಗೆ ಇರುವುದಕ್ಕೆ ಡಾಕ್ಟರು ಜನರಲೈಸ್ಡ್ ಆಂಗ್ಸೈಟಿ ಡಿಸಾರ್ಡರ್ ಅಂದರು. ಚಿಕ್ಕದಾಗಿ ಜಿಎಡಿ. ಮನೆಮಾತಿನಲ್ಲಿ ಹೇಳುವುದಾದರೆ, ಯಾವುದೋ ಒಂದರ ಬಗ್ಗೆ ಅಲ್ಲದೆ ಎಲ್ಲದರ ಬಗ್ಗೆಯೂ ಬಿಡದೆ ಕಾಡುವ ಚಿಂತೆ. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಮಾನಸಿಕ ಕಾಯಿಲೆಗಳ ತನ್ನ ಕೈಪಿಡಿಯ ಮೂರನೇ ಆವೃತ್ತಿ ತಂದಾಗ ಇದಕ್ಕೆ ಪ್ರತ್ಯೇಕ ಹೆಸರು ಸಿಕ್ಕಿತು. ಅದಕ್ಕೂ ಮೊದಲು ಗಾಬರಿ, ದಿಗಿಲು, ಚಿಂತೆ ಎಲ್ಲವೂ ಒಂದೇ ಮೂಟೆಯಲ್ಲಿದ್ದವು. ಈಗಿನ ಲೆಕ್ಕದಲ್ಲಿ ಆರು ತಿಂಗಳಾದರೂ, ಹೆಚ್ಚಿನ ದಿನಗಳಲ್ಲಿ, ತಡೆಯಲಾಗದ ಚಿಂತೆ ಇರಬೇಕು. ಜೊತೆಗೆ ಚಡಪಡಿಕೆ, ಬೇಗ ಸುಸ್ತಾಗುವುದು, ಗಮನ ನಿಲ್ಲದಿರುವುದು, ಸಿಡುಕು, ಮೈ ಬಿಗಿತ, ನಿದ್ದೆಗೇಡು, ಈ ಆರರಲ್ಲಿ ದೊಡ್ಡವರಿಗೆ ಮೂರಾದರೂ ಇರಬೇಕು. ಈ ಪಟ್ಟಿಯಲ್ಲಿ ಸ್ಕ್ಯಾನ್ ಅನ್ನುವ ಪದವೇ ಇಲ್ಲ. ಜಿಎಡಿ ಗೊತ್ತಾಗುವುದು ಮಾತಾಡಿಸಿ, ಕೇಳಿ.

ಹಾಗಾದರೆ ಚಿಕ್ಕಮ್ಮನ ಎಂಆರ್‌ಐ ಏನು ನೋಡಿತು? ಮೆದುಳಿನ ಆಕಾರ ನೋಡಿತು. ಗಡ್ಡೆ ಇದೆಯಾ, ರಕ್ತ ಹೆಪ್ಪುಗಟ್ಟಿದೆಯಾ, ಎಲ್ಲಾದರೂ ಸವೆದಿದೆಯಾ, ಇಷ್ಟು. ಮನೆಯ ಫೋಟೊ ತೆಗೆದರೆ ಗೋಡೆ ಬಿರುಕು ಬಿಟ್ಟಿದ್ದು ಕಾಣುತ್ತದೆ. ಒಳಗೆ ಇಡೀ ರಾತ್ರಿ ಜಗಳ ನಡೆಯುತ್ತಿದ್ದರೆ ಫೋಟೊದಲ್ಲಿ ಕಾಣುವುದಿಲ್ಲ ಅಲ್ವಾ?

ಇದು ನನ್ನ ಸಮಾಧಾನದ ಮಾತಲ್ಲ. 2021ರಲ್ಲಿ ಎನಿಗ್ಮಾ ಅನ್ನುವ ಅಂತರರಾಷ್ಟ್ರೀಯ ಗುಂಪು 28 ಕೇಂದ್ರಗಳಿಂದ ಜಿಎಡಿ ಇರುವ 1,020 ಜನರ ಮತ್ತು ಇಲ್ಲದ 2,999 ಜನರ ಮೆದುಳಿನ ಚಿತ್ರಗಳನ್ನು ಒಟ್ಟು ಹಾಕಿ ಹೋಲಿಸಿತು. ಗಾತ್ರದಲ್ಲಿ, ದಪ್ಪದಲ್ಲಿ ಎರಡು ಗುಂಪುಗಳ ನಡುವೆ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಅಂದರೆ ಜಿಎಡಿ ಇರುವವರ ಎಂಆರ್‌ಐ ನಾರ್ಮಲ್ ಬರುವುದೇ ಸಹಜ. ಚಿಕ್ಕಮ್ಮನ ರಿಪೋರ್ಟ್ ಅವರ ಸಂಕಟವನ್ನು ಸುಳ್ಳು ಅನ್ನಲಿಲ್ಲ. ಅದನ್ನು ಆ ಪ್ರಶ್ನೆ ಯಾರೂ ಕೇಳಿಯೇ ಇರಲಿಲ್ಲ.

ಒಳಗಿನ ಜಗಳವನ್ನು ಸ್ವಲ್ಪವಾದರೂ ಕೇಳಿಸಿಕೊಳ್ಳಲು ಬೇರೆ ದಾರಿ ಇದೆ. ಎಫ್‌ಎಂಆರ್‌ಐ ಅನ್ನುತ್ತಾರೆ. ಮಷಿನ್ ಅದೇ, ನೋಡುವುದು ಬೇರೆ. ಮೆದುಳಿನ ಯಾವುದಾದರೂ ಭಾಗ ಕೆಲಸಕ್ಕೆ ಇಳಿದರೆ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತದೆ. ಆ ಏರುಪೇರನ್ನು ಮಷಿನ್ ಹಿಡಿಯುತ್ತದೆ. ಪೇಪರಿನಲ್ಲಿ ಕೆಂಪು ಹಳದಿ ಬಣ್ಣ ಬಳಿದ ಮೆದುಳಿನ ಚಿತ್ರ ನೋಡಿರುತ್ತೀರಿ. ಮೆದುಳು ಹಾಗೇನೂ ಹೊಳೆಯುವುದಿಲ್ಲ. ಅದು ಲೆಕ್ಕ ಹಾಕಿ ಆಮೇಲೆ ಹಚ್ಚಿದ ಬಣ್ಣ, ಹೆಚ್ಚಾಗಿ ಹತ್ತಾರು ಜನರ ಸರಾಸರಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆತಂಕ ಅಂದ ಕೂಡಲೇ ಎಲ್ಲರೂ ಅಮಿಗ್ಡಾಲದ ಕಥೆ ಹೇಳುತ್ತಾರೆ. ಕಿವಿಯ ಮಟ್ಟದಲ್ಲಿ, ತಲೆಯ ಒಳಗೆ ಎರಡೂ ಕಡೆ ಬಾದಾಮಿ ಆಕಾರದ ಒಂದೊಂದು ಗಂಟು. ಅದೇ ಭಯದ ಕೇಂದ್ರ, ಆತಂಕ ಇರುವವರಲ್ಲಿ ಅದು ಜೋರಾಗಿದೆ, ಇಷ್ಟೇ ವಿಷಯ ಅಂತ ಹೇಳುವವರಿದ್ದಾರೆ. ಅಷ್ಟು ಸುಲಭ ಇಲ್ಲ. ಅಮೆರಿಕದಲ್ಲಿ ಒಬ್ಬ ಮಹಿಳೆಗೆ ಅಪರೂಪದ ಕಾಯಿಲೆಯಿಂದ ಎರಡೂ ಅಮಿಗ್ಡಾಲ ಹಾಳಾಗಿವೆ. ಹಾವು ಕಂಡರೂ ಆಕೆಗೆ ಹೆದರಿಕೆ ಇಲ್ಲ. ಆದರೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಇರುವ ಗಾಳಿ ಉಸಿರಾಡಿಸಿದಾಗ ಆಕೆಗೂ ಉಸಿರುಕಟ್ಟಿ, ಭಯದಿಂದ ಜೀವವೇ ಬಾಯಿಗೆ ಬಂತು. 2013ರಲ್ಲಿ ಪ್ರಕಟವಾದ ಪ್ರಯೋಗ ಇದು. ಭಯ ಒಂದೇ ಮನೆಯಲ್ಲಿ ವಾಸ ಮಾಡುವುದಿಲ್ಲ.

ಚಿಕ್ಕಮ್ಮನನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ. ಅಪಾಯ ಕಣ್ಣೆದುರು ಬಂದಾಗ ಏನಾಗುತ್ತದೆ ಅನ್ನುವುದಕ್ಕಿಂತ, ಅಪಾಯ ಇಲ್ಲದಾಗ ಏನಾಗುತ್ತದೆ ಅನ್ನುವುದು.

ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜ್ಯಾಕ್ ನಿಚ್ಕೆ ಮತ್ತು ಜೊತೆಯವರು 2009ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜಿಎಡಿ ಇರುವ 14 ಜನ, ಇಲ್ಲದ 12 ಜನ. ಸ್ಕ್ಯಾನರ್ ಒಳಗೆ ಚಿತ್ರಗಳನ್ನು ತೋರಿಸುತ್ತಾರೆ. ಕೆಲವು ಭೀಕರ ಚಿತ್ರಗಳು, ಕೆಲವು ಸಾಧಾರಣ ಚಿತ್ರಗಳು. ಪ್ರತಿ ಚಿತ್ರಕ್ಕೂ ಮುಂಚೆ ಯಾವ ಬಗೆಯದು ಬರುತ್ತದೆ ಅಂತ ಒಂದು ಗುರುತು ತೋರಿಸುತ್ತಾರೆ. ಜಿಎಡಿ ಇರುವವರಲ್ಲಿ ಆ ಗುರುತು ಕಂಡು ಚಿತ್ರಕ್ಕೆ ಕಾಯುವ ಹೊತ್ತಿನಲ್ಲೇ ಅಮಿಗ್ಡಾಲ ಉಳಿದವರಿಗಿಂತ ಜಾಸ್ತಿ ಕೆಲಸ ಮಾಡುತ್ತಿತ್ತು. ಅದೂ ಭೀಕರ ಚಿತ್ರಕ್ಕೆ ಮಾತ್ರ ಅಲ್ಲ. 'ಈಗ ಬರೋದು ಸಾಧಾರಣ ಚಿತ್ರ' ಅಂತ ಮೊದಲೇ ಹೇಳಿದ್ದರೂ ಹಾಗೇ.

ರಾತ್ರಿ 9:10ಕ್ಕೆ ಹಾಲ್‌ಗೆ ಬಂದು ನಿಲ್ಲುವ ಚಿಕ್ಕಮ್ಮ ನನಗೆ ಇಲ್ಲಿ ಕಂಡರು. ಕಾಯುವುದೇ ಅವರಿಗೆ ಕಷ್ಟ. ಬರುವುದು ಒಳ್ಳೆಯ ಸುದ್ದಿಯೋ ಕೆಟ್ಟ ಸುದ್ದಿಯೋ ಅನ್ನುವುದು ಆಮೇಲಿನ ಮಾತು.

ಇನ್ನೊಂದು ಪ್ರಯೋಗ ನ್ಯೂಯಾರ್ಕ್ ರಾಜ್ಯದ ಸ್ಟೋನಿ ಬ್ರೂಕ್ ವಿಶ್ವವಿದ್ಯಾಲಯದ್ದು, 2013ರದು. ಪರದೆಯ ಮೇಲೆ ಒಂದು ಆಯತ ತೋರಿಸಿ ಸಣ್ಣಗೆ ಕರೆಂಟ್ ಶಾಕ್ ಕೊಡುತ್ತಾರೆ. ಆ ಆಯತ ಅಂದರೆ ಶಾಕ್ ಅಂತ ಮನಸ್ಸು ಕಲಿಯುತ್ತದೆ. ಆಮೇಲೆ ಸ್ವಲ್ಪ ದೊಡ್ಡ, ಸ್ವಲ್ಪ ಚಿಕ್ಕ, ತುಂಬಾ ದೊಡ್ಡ, ತುಂಬಾ ಚಿಕ್ಕ ಆಯತಗಳನ್ನು ತೋರಿಸುತ್ತಾರೆ. ಇವಕ್ಕೆ ಶಾಕ್ ಇಲ್ಲ. ನಮ್ಮ ಹಣೆಯ ನಡುಭಾಗದ ಹಿಂದೆ, ಒಳಗೆ, ಕೆಳಮಟ್ಟದಲ್ಲಿ ಮೆದುಳಿನ ಒಂದು ಭಾಗ ಇದೆ. 'ಇದು ಬೇರೆ, ಇದಕ್ಕೆ ಹೆದರಬೇಕಿಲ್ಲ' ಅಂತ ಹೇಳುವ ಕೆಲಸದಲ್ಲಿ ಅದರ ಪಾಲು ದೊಡ್ಡದು. ಆರೋಗ್ಯವಾಗಿರುವವರಲ್ಲಿ ಆಯತದ ಗಾತ್ರ ಮೂಲದಿಂದ ದೂರ ಹೋದಂತೆ ಆ ಭಾಗದ ಚಟುವಟಿಕೆ ಸ್ಪಷ್ಟವಾಗಿ ಬದಲಾಗುತ್ತಿತ್ತು. ಜಿಎಡಿ ಇರುವ ಹೆಂಗಸರಲ್ಲಿ ಆ ಬದಲಾವಣೆ ಮಂಕಾಗಿತ್ತು. ಹಗ್ಗ ಯಾವುದು ಹಾವು ಯಾವುದು ಅಂತ ಬೇರ್ಪಡಿಸಿ ಹೇಳಬೇಕಾದವರು ಗಟ್ಟಿಯಾಗಿ ಹೇಳುತ್ತಿರಲಿಲ್ಲ.

ಇಸ್ರೇಲಿನ ವೈಜ್ಮನ್ ಸಂಸ್ಥೆಯವರು 2016ರಲ್ಲಿ ಶಬ್ದಗಳನ್ನು ಇಟ್ಟುಕೊಂಡು ಇಂಥದ್ದೇ ಕೆಲಸ ಮಾಡಿದ್ದಾರೆ. ಒಂದು ಸ್ವರ ಕೇಳಿದರೆ ಹಣ ಬರುತ್ತದೆ, ಇನ್ನೊಂದಕ್ಕೆ ಹಣ ಹೋಗುತ್ತದೆ. ಆಮೇಲೆ ಹೊಸ ಸ್ವರಗಳನ್ನು ಕೇಳಿಸಿದಾಗ ಆತಂಕದ ಕಾಯಿಲೆ ಇರುವವರು ಅವನ್ನೂ ಹಳೆಯ ಸ್ವರವೇ ಅಂತ ಹೆಚ್ಚಾಗಿ ತಪ್ಪು ತಿಳಿದರು. ಇದು ಬೇಕೂ ಅಂತ ಮಾಡುವುದಲ್ಲ. ಅವರಿಗೆ ಅದು ಹಾಗೇ ಕೇಳಿಸುತ್ತದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ತಟ್ಟಿದ್ದು ಸ್ಟ್ಯಾನ್‌ಫರ್ಡ್‌ನಲ್ಲಿ ಅಮಿತ್ ಎಟ್ಕಿನ್ ಮತ್ತು ಜೊತೆಯವರು 2010ರಲ್ಲಿ ಪ್ರಕಟಿಸಿದ ಕೆಲಸ. ಪರದೆಯ ಮೇಲೆ ಒಂದು ಮುಖ. ಹೆದರಿದ ಮುಖ, ಇಲ್ಲವೇ ನಗುವ ಮುಖ. ಅದರ ಮೇಲೆ ಅಡ್ಡಲಾಗಿ 'ಭಯ' ಅಥವಾ 'ಸಂತೋಷ' ಅಂತ ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಪದವನ್ನು ಬಿಟ್ಟು ಮುಖ ಯಾವುದು ಅಂತ ಹೇಳಬೇಕು. ನಗುವ ಮುಖದ ಮೇಲೆ 'ಭಯ' ಅಂತ ಇದ್ದರೆ ಎಲ್ಲರಿಗೂ ಒಂದು ಕ್ಷಣ ತಡಬಡ ಆಗುತ್ತದೆ. ಆದರೆ ಬೆನ್ನಿಗೇ ಅಂಥದ್ದೇ ಇನ್ನೊಂದು ಬಂದರೆ ತಡಬಡ ಸ್ವಲ್ಪ ಕಡಿಮೆ. ಮೆದುಳು ತಾನಾಗಿಯೇ ಹೊಂದಿಕೊಂಡಿರುತ್ತದೆ, ನಮಗೆ ಅದು ಗೊತ್ತೂ ಆಗುವುದಿಲ್ಲ. ಆ ಹೊತ್ತಿನಲ್ಲಿ ಸಿಂಗ್ಯುಲೇಟ್ ಅನ್ನುವ ಭಾಗದ ಮುಂತುದಿ ಕೆಲಸಕ್ಕೆ ಇಳಿಯುತ್ತದೆ, ಅಮಿಗ್ಡಾಲ ತಣ್ಣಗಾಗುತ್ತದೆ. ಆರೋಗ್ಯವಾಗಿದ್ದ 24 ಜನರಲ್ಲಿ ಹೀಗಾಯಿತು. ಜಿಎಡಿ ಇದ್ದ 17 ಜನರಲ್ಲಿ ಆ ಹೊಂದಿಕೆ ಆಗಲಿಲ್ಲ. ಸಿಂಗ್ಯುಲೇಟ್ ಕೈ ಹಚ್ಚಲಿಲ್ಲ, ಅಮಿಗ್ಡಾಲದ ಜೊತೆ ಅದರ ಕೊಂಡಿಯೂ ಕಾಣಲಿಲ್ಲ.

ಇದನ್ನು ಓದುವಾಗ ನನಗೆ 'ಸುಮ್ನಿರು' ಅನ್ನುವ ಮಾತು ನೆನಪಾಯಿತು. ನಾವೆಲ್ಲ ಚಿಕ್ಕಮ್ಮನಿಗೆ ದಿನಕ್ಕೆ ಹತ್ತು ಸಲ ಹೇಳುವ ಮಾತು. ನಮ್ಮ ತಲೆಯೊಳಗೆ ಆ ಮಾತನ್ನು ಯಾರೂ ಹೇಳದೆಯೇ ಒಂದು ಭಾಗ ಇನ್ನೊಂದಕ್ಕೆ ಹೇಳಿಬಿಡುತ್ತದೆ. ನಾವದಕ್ಕೆ ಏನೂ ಮಾಡಿರುವುದಿಲ್ಲ. ಅದನ್ನು ನಮ್ಮ ಧೈರ್ಯ ಅಂದುಕೊಂಡಿದ್ದೇವೆ. ಚಿಕ್ಕಮ್ಮ ಅದೇ ಕೆಲಸವನ್ನು ದಿನಾ ಕೂತು ಕೈಯಾರೆ ಮಾಡಬೇಕು, ಸಂಜೆ ಹೊತ್ತಿಗೆ ಸುಸ್ತಾಗದೆ ಇನ್ನೇನಾದೀತು?

ಮೈಯ ವಿಷಯವೂ ಸ್ವಲ್ಪ ಹೇಳಬೇಕು. "ಎದೆ ಢವಢವ ಅನ್ನುತ್ತೆ" ಅಂದರೆ ಇಸಿಜಿ ಮಾಡಿಸಿ, ಸರಿ ಇದೆ ಅಂದು ಕಳಿಸುತ್ತಾರೆ. ಅಮೆರಿಕದ ಟಲ್ಸಾ ನಗರದ ಸಂಶೋಧಕರು ಜಿಎಡಿ ಇರುವ 29 ಹೆಂಗಸರಿಗೂ ಇಲ್ಲದ 29 ಹೆಂಗಸರಿಗೂ ಹೃದಯದ ಬಡಿತ ಏರಿಸುವ ಐಸೊಪ್ರೊಟೆರಿನಾಲ್ ಅನ್ನುವ ಔಷಧವನ್ನು ರಕ್ತನಾಳಕ್ಕೆ ಹಾಯಿಸಿ ನೋಡಿದರು. 2022ರಲ್ಲಿ ಪ್ರಕಟವಾಯಿತು. ತೀರಾ ಕಡಿಮೆ ಪ್ರಮಾಣದ ಔಷಧಕ್ಕೂ ಜಿಎಡಿ ಇರುವವರ ಹೃದಯ ಉಳಿದವರಿಗಿಂತ ಜೋರಾಗಿ ಹೊಡೆದುಕೊಂಡಿತು. ಅವರಿಗೆ ಆ ಬಡಿತ ಹೆಚ್ಚು ಜೋರಾಗಿ ಅನುಭವಕ್ಕೂ ಬಂತು. ಅದೇ ಹೊತ್ತಿಗೆ ಹಣೆಯ ಹಿಂದಿನ ಆ ಸಮಾಧಾನದ ಭಾಗ ಮಂಕಾಗಿತ್ತು. ಎದೆ ಹೊಡೆದುಕೊಳ್ಳುತ್ತದೆ ಅಂದವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹೊಡೆದುಕೊಳ್ಳುತ್ತಿತ್ತು.

ಇಷ್ಟೆಲ್ಲ ಗೊತ್ತಿದ್ದರೆ ಎಫ್‌ಎಂಆರ್‌ಐ ಮಾಡಿಸಿ ಜಿಎಡಿ ಇದೆಯಾ ಇಲ್ಲವಾ ಅಂತ ಹೇಳಿಬಿಡಬಹುದಲ್ವಾ? ಸದ್ಯಕ್ಕೆ ಆಗುವುದಿಲ್ಲ. ಇಲ್ಲೇ ಜನ ಮೋಸ ಹೋಗುತ್ತಿದ್ದಾರೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಮೇಲೆ ಹೇಳಿದ್ದೆಲ್ಲ ಗುಂಪಿನ ಸರಾಸರಿ. ಗಂಡಸರ ಸರಾಸರಿ ಎತ್ತರ ಹೆಂಗಸರಿಗಿಂತ ಜಾಸ್ತಿ ಅನ್ನುವುದು ನಿಜ. ಹಾಗಂತ ಐದೂವರೆ ಅಡಿ ಎತ್ತರ ಅಂತ ಮಾತ್ರ ಹೇಳಿ, ಇದು ಗಂಡೋ ಹೆಣ್ಣೋ ಅಂತ ಕೇಳಿದರೆ ಹೇಳಲಾಗುತ್ತದೆಯೇ? ಮೆದುಳಿನ ಚಟುವಟಿಕೆಯೂ ಹಾಗೇ. ಎರಡು ಗುಂಪುಗಳೂ ಒಂದರೊಳಗೊಂದು ಸೇರಿಕೊಂಡಿವೆ. ಅದರ ಮೇಲೆ ಇನ್ನೊಂದು ತೊಡಕು. ಇದೇ ಮನುಷ್ಯನನ್ನು ಮುಂದಿನ ವಾರ ಮತ್ತೆ ಸ್ಕ್ಯಾನರ್‌ನಲ್ಲಿ ಮಲಗಿಸಿದರೆ ಅದೇ ಫಲಿತಾಂಶ ಬರುತ್ತದಾ? 2020ರಲ್ಲಿ ಇಂಥ 90 ಪ್ರಯೋಗಗಳನ್ನು ಒಟ್ಟಿಗೆ ನೋಡಿದವರಿಗೆ ಸಿಕ್ಕ ಹೊಂದಿಕೆ 0.4ರಷ್ಟು. ಪೂರ್ತಿ ಹೊಂದಿದರೆ 1 ಬರಬೇಕು. ಒಬ್ಬರ ಬಗ್ಗೆ ತೀರ್ಮಾನ ಕೊಡಲು ಇದು ಏನೇನೂ ಸಾಲದು. ಹಿಂದಿನ ಪ್ರಯೋಗಗಳಲ್ಲಿ 14, 17, 29 ಅಂತ ಸಣ್ಣ ಸಣ್ಣ ಸಂಖ್ಯೆ ಇದ್ದದ್ದನ್ನೂ ಗಮನಿಸಿರುತ್ತೀರಿ. ಅವು ದಾರಿ ತೋರಿಸುತ್ತವೆ, ಕೊನೆಯ ಮಾತು ಹೇಳುವುದಿಲ್ಲ.

ಹೀಗಿರುವಾಗ 'ಬ್ರೈನ್ ಮ್ಯಾಪಿಂಗ್' ಅಂತ ತಲೆಗೆ ವೈರು ಹಚ್ಚಿ, ಬಣ್ಣಬಣ್ಣದ ಕಾಗದ ಕೈಗೆ ಕೊಟ್ಟು, ನಿಮ್ಮ ಆತಂಕ ಇಲ್ಲಿದೆ ನೋಡಿ ಅಂತ ಬೆರಳು ತೋರಿಸಿದರೆ ದಯವಿಟ್ಟು ನಂಬಬೇಡಿ. ಹಾಗೆ ವೈರು ಹಚ್ಚಿ ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಒಳ್ಳೆಯ ಪರೀಕ್ಷೆಯೇ, ಫಿಟ್ಸ್ ಬಗ್ಗೆ ಅನುಮಾನ ಇದ್ದರೆ ಬೇಕೇಬೇಕು. ಎಂಆರ್‌ಐ ಕೂಡ ಹಾಗೇ, ಬೇರೆ ಕಾಯಿಲೆ ಇಲ್ಲ ಅಂತ ಖಚಿತ ಮಾಡಿಕೊಳ್ಳಲು ಡಾಕ್ಟರೇ ಬರೆದುಕೊಟ್ಟರೆ ಮಾಡಿಸಬೇಕು. ಜಿಎಡಿ ಅನುಮಾನ ಬಂದಾಗ ಮೊದಲು ನೋಡಿಸಬೇಕಾದ್ದು ಥೈರಾಯ್ಡ್. ಅದು ಜಾಸ್ತಿಯಾದರೆ ಕೈ ನಡುಕ, ಎದೆಬಡಿತ, ನಿದ್ದೆಗೇಡು ಎಲ್ಲಾ ಥೇಟ್ ಹೀಗೇ ಇರುತ್ತದೆ. ಉಳಿದದ್ದಕ್ಕೆ ಜಿಎಡಿ-7 ಅನ್ನುವ ಏಳು ಪ್ರಶ್ನೆಗಳ ಪಟ್ಟಿ ಇದೆ, 2006ರಲ್ಲಿ ಬಂದದ್ದು. ಕಳೆದ ಎರಡು ವಾರ ಹೇಗಿದ್ದಿರಿ ಅಂತ ಕೇಳುತ್ತದೆ. 21ಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರನ್ನು ಕಂಡು ಮಾತಾಡಬೇಕು. ಪೆನ್ನು ಕಾಗದ ಇದ್ದರೆ ಸಾಕು.

ನಮ್ಮಲ್ಲಿ ಸ್ಕ್ಯಾನಿಗೆ ಇರುವ ಮರ್ಯಾದೆ ಮಾತಿಗೆ ಇಲ್ಲ ಅನ್ನುವುದು ನನಗೆ ತುಂಬಾ ಬೇಸರದ ವಿಷಯ. ನಿಮ್ಹಾನ್ಸ್ ಮುಂದೆ ನಿಂತು 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ಮೊದಲ ಪ್ರಾಯೋಗಿಕ ಸಮೀಕ್ಷೆ ನಮ್ಮ ಕೋಲಾರ ಜಿಲ್ಲೆಯಲ್ಲಾಯಿತು, ಆದರೆ ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ. ದೊಡ್ಡವರಲ್ಲಿ ಶೇ. 10.6 ಜನಕ್ಕೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಕಾಯಿಲೆಗೆ ತಕ್ಕಂತೆ ಶೇ. 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಚಿಕಿತ್ಸೆ ಇಲ್ಲ ಅಂತೇನಲ್ಲ. ನಿಧಾನವಾಗಿ, ಕೆಲವು ವಾರಗಳಲ್ಲಿ ಕೆಲಸ ಮಾಡುವ ಮಾತ್ರೆಗಳಿವೆ. ಅಂಗಡಿಯಲ್ಲಿ ಕೇಳಿ ತಂದು ನುಂಗುವ ನಿದ್ದೆ ಮಾತ್ರೆಗಳು ಬೇರೆ. ಅವು ತಿಂಗಳುಗಟ್ಟಲೆ ತಗೊಂಡರೆ ಬಿಡಿಸಲು ಕಷ್ಟವಾಗುವ ಅಭ್ಯಾಸ ಆಗಿಬಿಡುತ್ತವೆ. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದೆ. 2022ರಲ್ಲಿ ಅಮೆರಿಕದಲ್ಲಿ ಬೇರೆ ಬೇರೆ ಆತಂಕದ ಕಾಯಿಲೆ ಇದ್ದ 276 ಜನರಲ್ಲಿ ಎಂಟು ವಾರದ ಧ್ಯಾನದ ತರಬೇತಿಯನ್ನೂ ಆತಂಕಕ್ಕೆ ಕೊಡುವ ಎಸ್ಸಿಟಲೊಪ್ರಾಮ್ ಮಾತ್ರೆಯನ್ನೂ ಹೋಲಿಸಿದಾಗ, ಧ್ಯಾನ ಮಾತ್ರೆಗಿಂತ ಹಿಂದೆ ಬೀಳಲಿಲ್ಲ. ಯಾವುದು ಯಾರಿಗೆ ಅನ್ನುವುದನ್ನು ಡಾಕ್ಟರೇ ಹೇಳಬೇಕು. ಡಾಕ್ಟರ ತನಕ ಹೋಗಲು ಹಿಂಜರಿಕೆ ಇದ್ದರೆ 14416ಕ್ಕೆ ಫೋನ್ ಮಾಡಬಹುದು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ಕ್ಕೆ ಶುರುವಾದ ಸರ್ಕಾರಿ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಇನ್ನೊಂದು ವಿಷಯ ಬಾಕಿ ಇದೆ. ಇಷ್ಟು ಹಿಂಸೆ ಆದರೂ ಚಿಂತೆಯನ್ನು ಇವರು ಬಿಡುವುದಿಲ್ಲ ಯಾಕೆ?

"ಅಷ್ಟೊಂದು ನಗಬೇಡ, ಆಮೇಲೆ ಅಳ್ಬೇಕಾಗುತ್ತೆ" ಅಂತ ನಮ್ಮ ಅಜ್ಜಿ ಮಕ್ಕಳಿಗೆ ಗದರುತ್ತಿದ್ದರು. ನಿಮ್ಮ ಮನೆಯಲ್ಲೂ ಕೇಳಿರುತ್ತೀರಿ. ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಮಿಶೆಲ್ ನ್ಯೂಮನ್ 2011ರಲ್ಲಿ ಹತ್ತಿರ ಹತ್ತಿರ ಇದನ್ನೇ ಒಂದು ಸಿದ್ಧಾಂತವಾಗಿ ಮುಂದಿಟ್ಟರು. ಜಿಎಡಿ ಇರುವವರಿಗೆ ಕೆಟ್ಟದ್ದಕ್ಕಿಂತ ಹೆಚ್ಚು ಭಯ, ಸಂತೋಷದಿಂದ ಧೊಪ್ಪನೆ ಕೆಳಗೆ ಬೀಳುವುದರದ್ದು. ಮೊದಲೇ ಚಿಂತೆ ಮಾಡುತ್ತಾ ಕೆಳಗೇ ಕೂತಿದ್ದರೆ ಬೀಳುವ ಪ್ರಶ್ನೆ ಇಲ್ಲ. ಅಂದುಕೊಂಡ ಕೆಟ್ಟದ್ದು ಆಗದೆ ಹೋದಾಗ ಸಿಗುವ ಐದು ನಿಮಿಷದ ನಿರಾಳ ಇದೆಯಲ್ಲ, ಅದು ಬಹುಮಾನ. ಚಿಂತೆ ಮಾಡಿದ್ದಕ್ಕೇ ಸರಿಹೋಯಿತು ಅಂತ ಮನಸ್ಸು ಲೆಕ್ಕ ಬರೆದುಕೊಳ್ಳುತ್ತದೆ.

ಆ ಲೆಕ್ಕವನ್ನು ಪರೀಕ್ಷೆ ಮಾಡಲು ನ್ಯೂಮನ್ ಮತ್ತು ಲುಕಾಸ್ ಲಾಫ್ರೆನಿಯೆರ್ ಜಿಎಡಿ ಇರುವ 29 ಜನರಿಂದ ಹತ್ತು ದಿನ ಅವರವರ ಚಿಂತೆಗಳನ್ನು ಬರೆಸಿದರು, ಆಮೇಲೆ ಏನಾಯಿತು ಅಂತ 30 ದಿನ ಕಾದು ನೋಡಿಸಿದರು. 2020ರಲ್ಲಿ ಫಲಿತಾಂಶ ಬಂತು. ಶೇ. 91.4ರಷ್ಟು ಚಿಂತೆಗಳು ನಿಜವಾಗಲೇ ಇಲ್ಲ. ಎಷ್ಟೋ ಜನರ ಪಟ್ಟಿಯಲ್ಲಿ ಒಂದೂ ನಿಜವಾಗಿರಲಿಲ್ಲ. ತಮ್ಮ ಕೈಯಾರೆ ಬರೆದದ್ದನ್ನು ತಾವೇ ನೋಡಿದ ಮೇಲೆ ಅವರ ಆತಂಕವೂ ಇಳಿದಿತ್ತು.

ಚಿಕ್ಕಮ್ಮನ ಡಾಕ್ಟರು ಇಂಥದ್ದೇ ಮಾಡಲು ಹೇಳಿದ್ದಾರೆ. ಹಾಲಿನ ಲೆಕ್ಕದ ಹಳೆಯ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಗೀಟು ಹಾಕಿಕೊಂಡಿದ್ದಾರೆ. ಎಡಕ್ಕೆ ಚಿಂತೆ, ಬಲಕ್ಕೆ 'ಆಯ್ತು', 'ಆಗ್ಲಿಲ್ಲ'. ಮಾತ್ರೆ ಶುರುವಾಗಿ ಎರಡು ತಿಂಗಳು ಕಳೆದಿತ್ತು, ಊರಿಗೆ ಹೋದಾಗ ಕೇಳಿ ತಗೊಂಡು ನೋಡಿದೆ. 43 ಸಾಲು ಇತ್ತು. 'ಆಯ್ತು' ಕಡೆ ಮೂರು ಟಿಕ್. ಸಿಲಿಂಡರ್ ಮಧ್ಯದಲ್ಲೇ ಖಾಲಿಯಾಗಿದ್ದು, ಮೂರು ದಿನ ಕರೆಂಟ್ ಹೋಗಿದ್ದು, ಮದುವೆಮನೆಯಲ್ಲಿ ಯಾರೋ ಮಾತಾಡಿಸದೇ ಹೋಗಿದ್ದು. ಅವತ್ತು ರಾತ್ರಿ 9:15 ಆದರೂ ಪುಣೆಯಿಂದ ಫೋನ್ ಬರಲಿಲ್ಲ. ಚಿಕ್ಕಮ್ಮ ಹಾಲ್‌ಗೆ ಬಂದರು. ಗೇಟಿಗೆ ಹೋಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತು, ಪೆನ್ನಿನ ಮುಚ್ಚಳ ತೆಗೆದು 44ನೇ ಸಾಲು ಬರೆಯತೊಡಗಿದರು. ಚಿಕ್ಕಪ್ಪ ಟಿವಿ ಸೌಂಡ್ ಕಡಿಮೆ ಮಾಡಿ ಪಕ್ಕದಲ್ಲಿ ಬಂದು ಕೂತರು, ಈ ಸಲ ಏನೂ ಹೇಳಲಿಲ್ಲ.